ಬುತ್ತಿ ಬಿಚ್ಚುವ ಮೊದಲ ಮುಗಿದ ಆಟ

ನಮ್ಮ ವಾಚನಾಲಯದ ಗೋಡೆಗೆ ಒಂದು ಹಲಗೆ ತೂಗುಹಾಕಿದೆ. ಊರ ಹುಡುಗರ ಫೋಟೋ ಪೇಪರಿನಲ್ಲಿ ಬಂತೆಂದರೆ ಯಾರಾದರೂ ಕತ್ತರಿಸಿ ತಂದು ಅಲ್ಲಿ ಅಂಟಿಸುತ್ತಾರೆ. ‘ಜಿಲ್ಲಾ ಮಟ್ಟಕ್ಕೆ ಆಯ್ಕೆ’, ‘ವಿಭಾಗ ಮಟ್ಟಕ್ಕೆ ಆಯ್ಕೆ’ ಅಂತ ಮೇಲೆ ದಪ್ಪ ಅಕ್ಷರ. ಕೆಳಗೆ ಹುಡುಗರು ಎರಡು ಸಾಲಾಗಿ, ನಡುವೆ ಹೆಡ್‌ಮಾಸ್ತರರು, ಪಕ್ಕದಲ್ಲಿ ಸಂಸ್ಥೆಯ ಹಿರಿಯರು. ಯಾರಿಗಾದರೂ ಸಂತೋಷವಾಗುವಂಥ ಫೋಟೋ. ನನಗೂ ಆಗುತ್ತದೆ. ಆದರೆ ಆ ಹುಡುಗರ ಎದುರು ಸೋತ ತಂಡದ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಅಂಥ ಸೋತ ತಂಡ ಒಮ್ಮೆ ನನ್ನದಾಗಿತ್ತು. ಅದರ ಸಂಗತಿ ಬರೀಬೇಕು ಅಂತ ಬಾಳ ದಿನದಿಂದ ಮನಸ್ಸಿನಲ್ಲಿತ್ತು.

ನಾನು ಪಿ.ಟಿ. ಮಾಸ್ತರ ಅಲ್ಲ, ಗಣಿತ ಕಲಿಸಿದವ. ನಮ್ಮ ಸಾಲಿಯಲ್ಲಿ ಪಿ.ಟಿ.ಗೆ ಬೇರೆ ಮಾಸ್ತರ ಇರಲಿಲ್ಲ, ಆದ್ದರಿಂದ ಆಟದ ಕೆಲಸ ಯಾರ ಕೊರಳಿಗಾದರೂ ಬೀಳಬೇಕಾಗಿತ್ತು, ನನ್ನ ಕೊರಳಿಗೆ ಬಿತ್ತು. ಕಬಡ್ಡಿ, ಖೋಖೋ ಬಿಟ್ಟು ಬೇಸ್‌ಬಾಲ್ ಯಾಕೆ ಹಿಡಿದಿರಿ ಅಂತ ನೀವು ಕೇಳಬಹುದು. ನಿಜ ಹೇಳತೇನಿ. ಇಚಲಕರಂಜಿ ಭಾಗದಲ್ಲಿ ಕಬಡ್ಡಿ, ಖೋಖೋ ಅಂದ್ರೆ ಓಣಿಗೊಂದು ಮಂಡಳ. ಅಲ್ಲಿ ಗೆದ್ದು ಮೇಲೆ ಹೋಗುವುದು ಸುಲಭದ ಮಾತಲ್ಲ. ಬೇಸ್‌ಬಾಲ್‌ಗೆ ಹೆಸರು ಕೊಡುವ ಸಾಲಿಗಳು ಕೈಬೆರಳಲ್ಲಿ ಎಣಿಸುವಷ್ಟು. ‘ತಂಡ ಕಡಿಮಿ, ಹಾದಿ ಹತ್ರ’ ಅಂತ ಒಬ್ಬರು ಹಿರಿಯ ಮಾಸ್ತರರು ನನಗೆ ಹೇಳಿದರು. ಒಂದೆರಡು ಆಟ ಗೆದ್ದರೆ ಜಿಲ್ಲೆ, ಇನ್ನೊಂದೆರಡು ಗೆದ್ದರೆ ವಿಭಾಗ, ಹುಡುಗನ ಕೈಯಲ್ಲಿ ಒಂದು ಪ್ರಮಾಣಪತ್ರ. ಅಂದರೆ ನಾವೂ ಆಟದ ಮೇಲಿನ ಪ್ರೀತಿಯಿಂದ ಹೋದವರಲ್ಲ. ಹತ್ತಿರದ ಹಾದಿ ಹುಡುಕಿಕೊಂಡು ಹೋದವರು. ಮುಂದೆ ನಾನು ಬೇರೆಯವರ ತಪ್ಪು ಎಣಿಸುವಾಗ ಓದುಗರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ತಿಂಗಳು ಸಂಜೀಗೆ ತಾಲೀಮು ಮಾಡಿಸಿದೆ. ಇದ್ದದ್ದು ಎರಡು ಬ್ಯಾಟು, ಮೂರು ಕೈಗವಸು. ಉಳಿದವರು ಬರಿಗೈಲೆ ಚೆಂಡು ಹಿಡಿಯುತ್ತಿದ್ದರು. ಬೇಸ್‌ಬಾಲಿನ ಚೆಂಡು ಕೈಗೆ ಬಡಿದರೆ ಹೆಂಗ ಇರತೈತಿ ಅನ್ನೋದು ಬಡಿಸಿಕೊಂಡವರಿಗೇ ಗೊತ್ತು. ಹಂಗಾಗಿ ದಿನಾ ರಬ್ಬರ ಚೆಂಡಿನಲ್ಲೇ ಆಡಿಸಿದೆ. ಪಂದ್ಯದ ದಿನ ನಸುಕಿನಲ್ಲಿ ಎದ್ದು, ತಾಯಂದಿರು ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಹಿಡಕೊಂಡು, ಟೆಂಪೋದಲ್ಲಿ ಹೋದೆವು. ನಮ್ಮದೇ ಮೊದಲನೇ ಆಟ. ಎದುರಿನವರು ಒಂದು ದೊಡ್ಡ ಸಾಲಿಯ ಹುಡುಗರು. ಎಲ್ಲರಿಗೂ ಒಂದೇ ನಮೂನಿ ಅಂಗಿ, ಒಬ್ಬೊಬ್ಬರಿಗೆ ಒಂದೊಂದು ಕೈಗವಸು, ಕ್ಯಾಚರನಿಗೆ ಎದೆಗಾಪು, ಮುಖಗಾಪು. ಒಳ್ಳೇ ಹುಡುಗರು ಅನ್ನಬೇಕು. ತಾವು ಬ್ಯಾಟ ಮಾಡುವಾಗ ತಮ್ಮ ಕೈಗವಸುಗಳನ್ನು ನಮ್ಮ ಹುಡುಗರಿಗೇ ಕೊಟ್ಟರು. ನಮ್ಮಲ್ಲಿ ಒಬ್ಬ ಎಡಗೈಯಿಂದ ಒಗೆಯುವ ಹುಡುಗ ಇದ್ದ. ಅವನಿಗೆ ಬಲಗೈಗೆ ಹಾಕಿಕೊಳ್ಳುವ ಗವಸು ಬೇಕು. ಅಂಥದ್ದು ಯಾರ ಹತ್ತಿರವೂ ಇರಲಿಲ್ಲ. ಅವ ಉಲ್ಟಾ ಗವಸನ್ನೇ ತುರುಕಿಕೊಂಡು ನಿಂತ.

16–0. ಮೂರು ಇನಿಂಗ್ಸ್ ಆದ ಮೇಲೆ ಪಂಚರು ತಮ್ಮೊಳಗೆ ಮಾತಾಡಿಕೊಂಡು ಆಟ ನಿಲ್ಲಿಸಿದರು. ಗಡಿಯಾರ ನೋಡಿದರೆ ಇನ್ನೂ ಹತ್ತೂವರೆ. ಬುತ್ತಿ ಬಿಚ್ಚುವ ಮೊದಲ ನಮ್ಮ ಆ ವರ್ಷದ ಬೇಸ್‌ಬಾಲ್ ಮುಗಿದಿತ್ತು. ಟೆಂಪೋದವನಿಗೆ ಸಂಜೀಗೆ ಬಾ ಅಂತ ಹೇಳಿದ್ದೆವು. ಹಿಂಗಾಗಿ ಬೇವಿನ ಗಿಡದ ಕೆಳಗೆ ಕುಂತು, ಬೇರೆಯವರ ಆಟ ನೋಡತಾ, ಹನ್ನೊಂದಕ್ಕೇ ರೊಟ್ಟಿ ತಿಂದೆವು. ಆ ಎಡಗೈ ಹುಡುಗ ಬಂದು ಕೇಳಿದ: ‘ಸರ್, ನಮ್ದು ಇನ್ನೊಂದ ಆಟ ಯಾರ ಜೋಡಿ?’ ಇನ್ನೊಂದು ಆಟ ಇಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ. ಹೇಳಿದರೂ ನಂಬಲಿಲ್ಲ. ಒಂದು ತಿಂಗಳ ತಾಲೀಮು, ಒಂದು ತಾಸಿನ ಆಟ. ಲೆಕ್ಕ ಅವನಿಗೆ ಹೊಂದಲಿಲ್ಲ. ಗಣಿತದ ಮಾಸ್ತರನಾದ ನನಗೂ ಹೊಂದಲಿಲ್ಲ.

ಈಗ ಆ ಆಟದ ಸ್ವಭಾವ ಸ್ವಲ್ಪ ಹೇಳಬೇಕು. ಕಬಡ್ಡಿಯಲ್ಲಿ ಎಷ್ಟೇ ಸೋತರೂ ಹೊತ್ತು ಮುಗಿದರೆ ಆಟ ಮುಗೀತು. ಫುಟ್‌ಬಾಲಿನಲ್ಲೂ ಹಂಗs. ಗಡಿಯಾರ ಬಡವನನ್ನು ಉಳಿಸುತ್ತದೆ. ಬೇಸ್‌ಬಾಲಿಗೆ ಗಡಿಯಾರ ಇಲ್ಲ. ಎದುರಿನವರಲ್ಲಿ ಮೂವರನ್ನು ಔಟ್ ಮಾಡಿದರೆ ಮಾತ್ರ ಅವರ ಸರದಿ ಮುಗಿಯುತ್ತದೆ. ಮೂವರನ್ನು ಔಟ್ ಮಾಡುವ ಶಕ್ತಿ ನಿಮಗಿಲ್ಲದಿದ್ದರೆ ಅವರು ಸಂಜೀತನಕ ಬ್ಯಾಟ ಹಿಡಕೊಂಡು ನಿಲ್ಲಬಹುದು. ಅದರಲ್ಲೂ ಚೆಂಡು ಒಗೆಯುವವ ಕಚ್ಚಾ ಇದ್ದರೆ ಮುಗದೇ ಹೋತು. ನಾಲ್ಕು ಚೆಂಡು ದಿಕ್ಕು ತಪ್ಪಿ ಹೋದರೆ ಬ್ಯಾಟಿನವ ಪುಕಟ ಒಂದನೇ ಬೇಸಿಗೆ ನಡೆದು ಹೋಗುತ್ತಾನೆ. ಹಿಂಗ ನಾಲ್ವರು ನಡೆದರೆ ಒಂದು ರನ್ನು ಬಂತು, ಬ್ಯಾಟಿಗೆ ಚೆಂಡು ತಾಗಿರುವುದೇ ಇಲ್ಲ. ನಮ್ಮ 16ರಲ್ಲಿ ಅರ್ಧಕ್ಕೂ ಹೆಚ್ಚು ಹಿಂಗ ನಡೆದು ಬಂದ ರನ್ನುಗಳು. ಗೆದ್ದ ಹುಡುಗರು ಹೊಡೆದದ್ದು ಕಡಿಮೆ, ನಡೆದದ್ದೇ ಹೆಚ್ಚು. ಅವರಿಗೂ ಆ ದಿನ ಆಟ ಸಿಗಲಿಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಮುಂದೆ ವಿಭಾಗದಲ್ಲಿ ಆ ತಂಡವೂ ಮೊದಲ ಆಟಕ್ಕೇ ದೊಡ್ಡ ಅಂತರದಿಂದ ಸೋತು ಬಂತು ಅಂತ ಕೇಳಿದೆ. ತಾಲೂಕಿನಲ್ಲಿ ಗಟ್ಟಿ ಚೆಂಡು ಎದುರಿಸದೇ ಮೇಲೆ ಹೋದವರು ಮೇಲೆ ಹೋಗಿ ಏನು ಮಾಡಬೇಕು?

ನಮ್ಮ ಸಾಲಿ ಪಂದ್ಯಗಳು ಏಣಿಯ ಹಂಗ ಅದಾವ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ. ವಯಸ್ಸಿನಂತೆ 14ರ ಒಳಗಿನವರು, 17ರ ಒಳಗಿನವರು, 19ರ ಒಳಗಿನವರು ಅಂತ ಮೂರು ಗುಂಪು. ಸೋತವರು ಅಲ್ಲಿಂದಲೇ ಮನಿಗೆ. ಇದರ ಗಣಿತ ಬಿಡಿಸಿ ನೋಡ್ರಿ. 16 ತಂಡ ಬಂದವು ಅನ್ನಿ. ಒಟ್ಟು 15 ಆಟ. ಅದರಲ್ಲಿ 8 ತಂಡ ಒಂದೇ ಆಟ ಆಡುತ್ತವೆ. 4 ತಂಡ ಎರಡು ಆಟ. ಮೂರು ಆಟ ಸಿಗುವುದು ಎರಡು ತಂಡಕ್ಕೆ, ನಾಲ್ಕು ಸಿಗುವುದು ಕೊನೆಯ ಎರಡು ತಂಡಕ್ಕೆ. ಅಂದರೆ ಯಾರಿಗೆ ಆಟ ಹೆಚ್ಚು ಬೇಕೋ ಅವರಿಗೆ ಕಡಿಮೆ, ಯಾರಿಗೆ ಮೊದಲೇ ಬರುತ್ತದೋ ಅವರಿಗೆ ಹೆಚ್ಚು. ಒಂದು ವರ್ಗದಲ್ಲಿ ನಾನು ಹಿಂಗ ಪಾಠ ಮಾಡಿದ್ದರೆ, ಅಂದರೆ ಮೊದಲ ಲೆಕ್ಕ ತಪ್ಪಿದ ಅರ್ಧ ಹುಡುಗರನ್ನು ಅವತ್ತೇ ಮನಿಗೆ ಕಳಿಸಿ ಉಳಿದವರಿಗೆ ವರ್ಷಪೂರ್ತಿ ಕಲಿಸಿದ್ದರೆ, ಪಾಲಕರು ನನ್ನನ್ನು ಊರಲ್ಲಿ ಇರಗೊಡುತ್ತಿದ್ದರೇ?

ಜೋಡಿ ಹಾಕುವುದು ಚೀಟಿ ಎತ್ತಿ. ಚೀಟಿಯಲ್ಲಿ ಪಕ್ಷಪಾತ ಇಲ್ಲ ಅನ್ನೋದು ಖರೆ. ಆದರೆ ಚೀಟಿಗೆ ಕಣ್ಣೂ ಇಲ್ಲ. ಹತ್ತು ವರ್ಷ ಆಡಿದ ಸಾಲಿ ಮತ್ತು ಒಂದು ತಿಂಗಳ ಹಿಂದೆ ಹುಟ್ಟಿದ ತಂಡ ಒಂದೇ ಡಬ್ಬಿಯಲ್ಲಿ. ತಂಡ ಬಾರದಿದ್ದರೆ ಎದುರಿನವರಿಗೆ ‘ವಾಕ್‌ಓವರ್’, ತಂಡ ಬೆಸ ಸಂಖ್ಯೆ ಇದ್ದರೆ ಒಬ್ಬರಿಗೆ ‘ಬೈ’. ಹೆಸರು ಕೊಡುವವರೇ ಕಡಿಮೆ ಇರುವ ಆಟಗಳಲ್ಲಿ ಒಂದು ಚೆಂಡೂ ಒಗೆಯದೇ ಒಂದು ಮೆಟ್ಟಿಲು ಏರಬಹುದು. ಅತ್ತ ನಮ್ಮ ಕಬಡ್ಡಿ ಹುಡುಗರು ಬೆವರು ಸುರಿಸಿ ನಾಲ್ಕು ಆಟ ಗೆದ್ದರೂ ತಾಲೂಕು ದಾಟುವುದಿಲ್ಲ. ಎರಡಕ್ಕೂ ಕಾಗದದ ಮೇಲೆ ಮಟ್ಟ ಒಂದೇ.

ಕಾಗದದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮಹಾರಾಷ್ಟ್ರದಲ್ಲಿ ಆಟದ ಪ್ರಮಾಣಪತ್ರಕ್ಕೆ ಬೆಲೆ ಇದೆ. ಹತ್ತನೇ, ಹನ್ನೆರಡನೇ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಸಿಗುತ್ತವೆ, ಮಟ್ಟ ಏರಿದಂತೆ ಅಂಕವೂ ಏರುತ್ತವೆ. ಸರಕಾರಿ ನೌಕರಿಯಲ್ಲಿ ಆಟಗಾರರಿಗೆ 5 ಟಕ್ಕೆ ಮೀಸಲಾತಿ ಇದೆ. ಇದು ಒಳ್ಳೆಯ ಕಾಯದೆ, ಮಗ್ಗದ ಶೆಡ್ಡಿನಲ್ಲಿ ರಾತ್ರಿಪಾಳಿ ಮಾಡುವ ಅಪ್ಪನ ಮಗನಿಗೆ ಪೊಲೀಸ ಭರತಿಯ ಬಾಗಿಲು ತೆರೆಯುವಂಥದ್ದು. ಇದನ್ನು ತೆಗೆಯಿರಿ ಅಂತ ನಾನು ಎಂದೂ ಅನ್ನುವುದಿಲ್ಲ. ಆದರೆ ಇಷ್ಟು ತೂಕದ ವಸ್ತುವನ್ನು ಒಂದು ಮುಂಜಾನೆಯ ಒಂದು ಆಟಕ್ಕೆ, ಒಂದು ಚೀಟಿಗೆ ತೂಗುಹಾಕಿದರೆ ಹಗ್ಗ ಹರಿಯದೇ ಇರುತ್ತದೆಯೇ? ದೊಡ್ಡವರ ಕೈ ಅಲ್ಲಿಂದಲೇ ತಪ್ಪು ಹಾದಿಗೆ ಹೋಗುತ್ತದೆ. ಆಟ ಬರುವ ಹುಡುಗನನ್ನು ಜೂನ್ ತಿಂಗಳಲ್ಲಿ ಬೇರೆ ಊರಿಂದ ತಂದು ಹೆಸರಿಗೆ ದಾಖಲ ಮಾಡಿಕೊಳ್ಳುವುದು, ಫೇಲಾದ ಹುಡುಗನನ್ನು ಕೆಳಗಿನ ವಯಸ್ಸಿನಲ್ಲಿ ತೋರಿಸುವುದು. ನಮ್ಮ ಹಳೇ ಹಾಜರಿ ಪುಸ್ತಕ ತೆರೆದು ನೋಡಿ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ತಾಯಿ ‘ಮಳಿಗಾಲದಾಗ ಹುಟ್ಟ್ಯಾನ್ರಿ, ದೊಡ್ಡ ಹೊಳಿ ಬಂದಿತ್ತು’ ಅಂದರೆ ಮಾಸ್ತರ ಸಾಲಿ ಚಾಲೂ ಆಗುವ ತಾರೀಖು ಗೀಚಿದ. ಆಗ ಅದು ಉಪಕಾರ. ಆಟದ ಅರ್ಜಿಯ ಮೇಲೆ ಅದೇ ತಾರೀಖು ಬಂದಾಗ ಮಾತ್ರ ಒಬ್ಬ ಇಪ್ಪತ್ತು ಕಿಲೋ ಹೆಚ್ಚು ತೂಗುವ ಹುಡುಗ ಹದಿನಾಲ್ಕರ ಒಳಗೆ ನಿಂತಿರುತ್ತಾನೆ.

ಈ ರೋಗ ನಮ್ಮದಷ್ಟೇ ಅಲ್ಲ. ಬೇಸ್‌ಬಾಲ್ ಹುಟ್ಟಿ ಬೆಳೆದ ಕಡೆ, ಅದನ್ನು ಪ್ರಾಣದಂತೆ ಆಡುವ ಕಡೆಯೂ ಇದೇ ಕಥೆ. ಅಮೆರಿಕದಲ್ಲಿ ಚಿಕ್ಕ ಹುಡುಗರಿಗೆ ‘ಲಿಟಲ್ ಲೀಗ್’ ಅಂತ ಇದೆ. ಅದರ ವಿಶ್ವ ಪಂದ್ಯದಲ್ಲಿ 1992ರಲ್ಲಿ ಫಿಲಿಪ್ಪೀನ್ಸಿನ ಝಾಂಬೋವಾಂಗಾ ಊರಿನ ತಂಡ 15–4ರಿಂದ ಗೆದ್ದಿತು. ಆಮೇಲೆ ನೋಡಿದರೆ ತಂಡದಲ್ಲಿ ಹೊರಗಿನ ಊರಿನ ಹುಡುಗರು, ವಯಸ್ಸು ಮೀರಿದ ಹುಡುಗರು. ಗೆಲುವನ್ನು ಕಸಿದುಕೊಂಡು ಸೋತಿದ್ದ ಕ್ಯಾಲಿಫೋರ್ನಿಯಾದ ತಂಡಕ್ಕೆ 6–0 ಅಂತ ಬರೆದುಕೊಟ್ಟರು. 2001ರಲ್ಲಿ ನ್ಯೂಯಾರ್ಕಿನ ಡ್ಯಾನಿ ಅಲ್ಮಾಂಟೆ ಎಂಬ ಹುಡುಗ ಒಬ್ಬನೇ ಒಬ್ಬ ಬ್ಯಾಟುಗಾರನನ್ನೂ ಬೇಸಿಗೆ ಬಿಡದೇ ಇಡೀ ಆಟ ಒಗೆದ. ದೇಶವೆಲ್ಲ ಕೊಂಡಾಡಿತು. 12 ಅಂದವನ ವಯಸ್ಸು 14 ಅಂತ ಗೊತ್ತಾದ ಮೇಲೆ ತಂಡದ ಎಲ್ಲ ಗೆಲುವು ಅಳಿಸಿಹೋದವು. ಶಿಕಾಗೋದ ‘ಜಾಕಿ ರಾಬಿನ್‌ಸನ್ ವೆಸ್ಟ್’ ತಂಡ 2014ರಲ್ಲಿ ಅಮೆರಿಕದ ಚಾಂಪಿಯನ್ ಆಯಿತು. ಮರುವರ್ಷ ಫೆಬ್ರುವರಿಯಲ್ಲಿ ಆ ಪಟ್ಟವನ್ನೂ ತೆಗೆದುಕೊಂಡರು, ತಂಡದ ಗಡಿಯ ಆಚೆಗಿನ ಹುಡುಗರನ್ನು ಆಡಿಸಿದ್ದರು ಎಂಬ ಕಾರಣಕ್ಕೆ. ಪ್ರತಿ ಸಲವೂ ಕಾಗದ ಬದಲಿಸಿದವರು ದೊಡ್ಡವರು. ಪೇಪರಿನಲ್ಲಿ ಫೋಟೋ ಬಂದದ್ದು ಹುಡುಗರದು.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ತೈವಾನಿನ ಕಥೆ, ಯಾಕಂದರೆ ಅದು ಒಂದು ಹಳ್ಳಿ ಸಾಲಿಯ ಕಥೆ. ತೈತುಂಗ ಜಿಲ್ಲೆಯ ಗುಡ್ಡಗಾಡಿನಲ್ಲಿ ಹೊಂಗ್ಯೆ ಎಂಬ ಊರು, ಅಂದರೆ ‘ಕೆಂಪೆಲೆ’. ಅಲ್ಲಿನ ಮೂಲನಿವಾಸಿಗಳ ಮಕ್ಕಳು ಕಟ್ಟಿಗೆಯಿಂದ ಕಲ್ಲು ಬಡಿದು ಬಡಿದು ಬೇಸ್‌ಬಾಲ್ ಕಲಿತರು ಅಂತ ಹೇಳುತ್ತಾರೆ. 1968ರಲ್ಲಿ ಜಪಾನಿನಿಂದ ಬಂದ ತಂಡವನ್ನು 7–0ರಿಂದ ಸೋಲಿಸಿದರು. ಇಡೀ ದೇಶ ಹುಚ್ಚೆದ್ದು ಕುಣಿಯಿತು. ಮರುವರ್ಷವೇ ತೈವಾನಿನ ತಂಡ ಲಿಟಲ್ ಲೀಗಿನ ವಿಶ್ವ ಪಂದ್ಯ ಗೆದ್ದಿತು. ಇವತ್ತಿಗೂ ಆ ದೇಶದ 500 ಡಾಲರಿನ ನೋಟಿನ ಮೇಲೆ ಬೇಸ್‌ಬಾಲ್ ಗೆದ್ದು ಟೋಪಿ ಹಾರಿಸುವ ಸಾಲಿ ಹುಡುಗರ ಚಿತ್ರ ಇದೆ. ಆದರೆ ಹೊಂಗ್ಯೆಯ ಆ ಹುಡುಗರಲ್ಲಿ ಹಲವರು ವಯಸ್ಸು ಮೀರಿದವರು, ಬೇರೆಯವರ ಹೆಸರಿನಲ್ಲಿ ಆಡಿದವರು. ಸಂಗತಿ ಕೋರ್ಟಿಗೆ ಹೋಗಿ ಸಾಲಿಯ ಹಿರಿಯರಿಗೆ ಶಿಕ್ಷೆಯ ತೀರ್ಪು ಆಯಿತು. ಬಡ ಸಾಲಿ, ಕಲ್ಲು ಕಟ್ಟಿಗೆ, ಒಂದೇ ಅವಕಾಶ, ಅದನ್ನು ಕಳಕೊಳ್ಳಲಾರದ ಹೆಡ್‌ಮಾಸ್ತರ. ಅವರು ಮಾಡಿದ್ದು ತಪ್ಪು. ಆ ಮಾಸ್ತರರ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ನನಗೆ ಕಲ್ಲು ಎತ್ತಿ ಒಗೆಯಲಿಕ್ಕೆ ಕೈ ಬರುವುದಿಲ್ಲ.

ಇನ್ನು ಅಂತರದ ಮಾತು. 16–0 ನಮಗೆ ದೊಡ್ಡದು. 1973ರಲ್ಲಿ ತೈವಾನಿನ ತಾಯ್ನಾನ್ ತಂಡ ವಿಶ್ವ ಪಂದ್ಯದಲ್ಲಿ ಮೂರು ಆಟ ಸೇರಿ 57 ರನ್ನು ಹೊಡೆದು ಎದುರಿನವರಿಗೆ ಒಂದೂ ಕೊಡಲಿಲ್ಲ. ರನ್ನು ಹೋಗಲಿ, ಒಂದು ಸರಿಯಾದ ಹೊಡೆತವನ್ನೂ ಕೊಡಲಿಲ್ಲ. ಮುಂದಿನ ವರ್ಷವೂ ತೈವಾನವೇ. 1975ರಲ್ಲಿ ಅಮೆರಿಕದವರು ಹೊರದೇಶದ ತಂಡಗಳೇ ಬೇಡ ಅಂದುಬಿಟ್ಟರು. ನನ್ನ ಮಟ್ಟಿಗೆ ಇದು ಅತ್ಯಂತ ಕೆಟ್ಟ ಉಪಾಯ, ಸೋತ ಹುಡುಗ ಬ್ಯಾಟು ಬಗಲಲ್ಲಿ ಇಟ್ಟುಕೊಂಡು ಮನಿಗೆ ಹೋದ ಹಂಗ. ಮರುವರ್ಷ ತಮ್ಮ ತಪ್ಪು ತಿದ್ದಿಕೊಂಡರು. 1987ರಲ್ಲಿ ಮತ್ತೆ ತೈವಾನ ಫೈನಲ್ಲಿನಲ್ಲಿ 21–1. ಅಂದರೆ ದೊಡ್ಡ ಅಂತರ ಬಡ ಊರುಗಳ ಹಣೆಬರಹವಷ್ಟೇ ಅಲ್ಲ. ಯಾರು ವರ್ಷಪೂರ್ತಿ ಆಡುತ್ತಾರೋ ಮತ್ತು ಯಾರು ಸುಟ್ಟಿಯಲ್ಲಿ ಆಡುತ್ತಾರೋ, ಅವರಿಬ್ಬರನ್ನು ಎದುರುಬದುರು ನಿಲ್ಲಿಸಿದಾಗ ಎಲ್ಲ ಕಡೆ ಆಗುವುದು ಇದೇ.

ಆದರೂ ಅವರಿಂದ ನಾವು ಕಲಿಯಬೇಕಾದ್ದು ಒಂದಿದೆ, ಅದು ಈ ಬರಹದ ಮುಖ್ಯ ಮಾತು. ಲಿಟಲ್ ಲೀಗ್ 1939ರಲ್ಲಿ ವಿಲಿಯಮ್ಸಪೋರ್ಟ ಎಂಬ ಊರಿನಲ್ಲಿ ಕಾರ್ಲ ಸ್ಟಾಟ್ಸ ಎಂಬವನಿಂದ ಚಾಲೂ ಆಯಿತು. ಅವತ್ತು ಮೂರೇ ತಂಡ. ಓಣಿಯ ಹುಡುಗರು ಓಣಿಯ ಹುಡುಗರ ಜೋಡಿ ಬೇಸಿಗೆಪೂರ್ತಿ ಆಡುವುದು, ಅಷ್ಟೇ. ದೊಡ್ಡ ಪಂದ್ಯ ಬಂದದ್ದು ಎಂಟು ವರ್ಷದ ಮೇಲೆ, 1947ರಲ್ಲಿ. ಅಂದರೆ ಅಲ್ಲಿ ಮೊದಲು ನೆಲ ಆಯಿತು, ಆಮೇಲೆ ಅದರ ಮೇಲೆ ಏಣಿ ನಿಲ್ಲಿಸಿದರು. ನಾವು ಏಣಿ ಒಂದನ್ನೇ ತಂದೆವು, ನೆಲ ಮರೆತೆವು. ಅವರ ಒಂದು ನಿಯಮ ನನಗೆ ಬಾಳ ಸೇರುತ್ತದೆ. ದೊಡ್ಡ ಪಂದ್ಯದ ತಂಡಕ್ಕೆ ಆಯ್ಕೆ ಆಗಬೇಕಾದರೆ ಹುಡುಗ ತನ್ನ ಊರಿನ ಲೀಗಿನಲ್ಲಿ ಕನಿಷ್ಠ 8 ಆಟ ಆಡಿರಬೇಕು. ಅರ್ಹತೆ ಅಂದರೆ ಅಲ್ಲಿ ಮೊದಲಿಗೆ ಆಡಿರುವುದು, ಆಮೇಲೆ ಗೆದ್ದಿರುವುದು. ಜೂನ್ ತಿಂಗಳಲ್ಲಿ ಹೊರಗಿಂದ ತಂದ ಹುಡುಗ ಈ ಒಂದೇ ನಿಯಮಕ್ಕೆ ಮುಗ್ಗರಿಸುತ್ತಾನೆ. ಮೂರು ಇನಿಂಗ್ಸಿಗೆ 15, ನಾಲ್ಕಕ್ಕೆ 10 ರನ್ನಿನ ಅಂತರ ಆದರೆ ಆಟ ನಿಲ್ಲಿಸುವ ನಿಯಮ ಇದೆ, ಸೋತವರ ಮಾನ ಉಳಿಸಲಿಕ್ಕೆ. ಒಬ್ಬನೇ ಹುಡುಗನ ರೆಟ್ಟಿ ಹರಿಯುವ ತನಕ ಒಗೆಸಬಾರದು ಅಂತ 2007ರಿಂದ ಚೆಂಡು ಎಣಿಸುತ್ತಾರೆ. 11–12 ವಯಸ್ಸಿನವ ದಿನಕ್ಕೆ 85 ಚೆಂಡು ಮೀರುವಂತಿಲ್ಲ. ಇದರಿಂದ ಎರಡನೇ, ಮೂರನೇ ಹುಡುಗನೂ ಒಗೆಯಲು ಕಲಿಯಲೇಬೇಕಾಗುತ್ತದೆ. ಕೊನೆಯ ವಿಶ್ವ ಪಂದ್ಯದಲ್ಲೂ ಫೈನಲ್ ಆಟಗಳು ಬರುವ ತನಕ ಒಂದು ಸೋಲಿಗೆ ಯಾರನ್ನೂ ಹೊರಗೆ ಹಾಕುವುದಿಲ್ಲ, ಎರಡು ಸಲ ಸೋಲಬೇಕು.

ಅಷ್ಟು ದೂರ ಯಾಕೆ, ನಮ್ಮ ಜತ್ರಿಯ ಕುಸ್ತಿ ನೋಡ್ರಿ. ಹಲಗಿ ಬಡೀತಿರತಾವ. ಪೈಲವಾನ ಕೈ ಎತ್ತಿ ಅಖಾಡದ ಸುತ್ತ ತಿರುಗುತ್ತಾನೆ. ಕಟ್ಟೆಯ ಮೇಲೆ ಕುಂತ ಹಳೇ ಪೈಲವಾನರು ಅವನ ಬೆನ್ನು, ತೊಡೆ, ಕುತ್ತಿಗೆ ಕಣ್ಣಿನಲ್ಲೇ ಅಳೆಯುತ್ತಾರೆ. ‘ಇವಗ ಅವ ಬ್ಯಾಡ, ಈ ಹುಡುಗ ಬರಾಬರಿ ಆಗತಾನ’ ಅಂತ ಜೋಡ ಹಚ್ಚುತ್ತಾರೆ. ಜೋಡ ಸರಿ ಹತ್ತದಿದ್ದರೆ ಮಂದಿಯೇ ಬೊಬ್ಬೆ ಹಾಕುತ್ತಾರೆ. ಮುಂಜಾನೆಯ ಮೊದಲ ಕುಸ್ತಿ ರೇವಡಿ ಕುಸ್ತಿ, ಸಣ್ಣ ಪೋರರದು. ಗೆದ್ದವನಿಗೆ ಒಂದು ಮುಟಗಿ ರೇವಡಿ, ಸೋತವನಿಗೂ ಅರ್ಧ ಮುಟಗಿ. ಸಂಜೀ ದೊಡ್ಡ ಕುಸ್ತಿಯ ತನಕ ಏರುತ್ತಾ ಹೋಗುವ ಈ ಕ್ರಮದಲ್ಲಿ ಯಾರೂ ಏಳು ವರ್ಷದ ಪೋರನನ್ನು ಗಂಡಾಳಿನ ಎದುರು ಚೀಟಿ ಎತ್ತಿ ನಿಲ್ಲಿಸಿಲ್ಲ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನ ಕಟ್ಟಿಸಿ 1912ಕ್ಕೆ ತೆರೆದರು, ನೂರು ವರ್ಷ ದಾಟಿತು. ಜೋಡ ಹಚ್ಚುವ ಆ ಬುದ್ಧಿ ಈ ನೆಲದಲ್ಲೇ ಇದೆ. ಸಾಲಿ ಪಂದ್ಯದ ಟೇಬಲ್ಲಿನ ಮೇಲೆ ಮಾತ್ರ ಅದು ಬಂದಿಲ್ಲ.

ಇನ್ನೊಂದು ಅವಕಾಶದ ಬೆಲೆ ಎಷ್ಟು ಅನ್ನುವುದಕ್ಕೂ ಸಾಕ್ಷಿ ಕೊಲ್ಹಾಪುರದಲ್ಲೇ ಇದೆ. ಕರಾಡದ ಹತ್ತಿರ ಗೋಳೇಶ್ವರದ ಖಾಶಾಬಾ ಜಾಧವ, ನಮ್ಮ ರಾಜಾರಾಮ ಕಾಲೇಜಿನಲ್ಲಿ ಓದಿದವ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೇ ಸ್ಥಾನ. 1952ರ ಆಯ್ಕೆಯ ಹೊತ್ತಿಗೆ ಒಂದೇ ಒಂದು ಅಂಕದ ಅಂತರದಿಂದ ಅವನನ್ನು ಹೊರಗಿಟ್ಟರು ಅಂತ ಅವನ ಕಥೆ ಬರೆದವರು ಹೇಳುತ್ತಾರೆ. ಅವ ಸುಮ್ಮನಿರಲಿಲ್ಲ. ಪಟಿಯಾಲದ ಮಹಾರಾಜರ ತನಕ ದೂರು ಒಯ್ದು ಮತ್ತೊಂದು ಕುಸ್ತಿ ಬೇಡಿಕೊಂಡ. ಮತ್ತೊಂದು ಕುಸ್ತಿ ಆಯಿತು, ಗೆದ್ದ. ಹೋಗಲಿಕ್ಕೆ ರೊಕ್ಕ ಇರಲಿಲ್ಲ, ಪ್ರಿನ್ಸಿಪಾಲ್ ಖರ್ಡೇಕರ ತಮ್ಮ ಮನೆ ಒತ್ತೆ ಇಟ್ಟು 7000 ರೂಪಾಯಿ ಕೊಟ್ಟರು. ಹೆಲ್ಸಿಂಕಿಯಿಂದ ಅವ ಕಂಚು ತಂದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಳು ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಮೊದಲ ಆಯ್ಕೆಗೇ ಎಲ್ಲ ಮುಗಿದಿದ್ದರೆ ಆ ಪದಕ ಇರುತ್ತಿರಲಿಲ್ಲ. ಪ್ರತಿ ವರ್ಷ ಆ ಪದಕದ ಕಥೆಯನ್ನು ಭಾಷಣದಲ್ಲಿ ಹೇಳಿ, ಅದೇ ವೇದಿಕೆಯಿಂದ ಕೆಳಗಿಳಿದು ಸೋತವರನ್ನು ಹತ್ತೂವರೆಗೆ ಮನಿಗೆ ಕಳಿಸುತ್ತೇವೆ.

ನನ್ನ ಈ ಮಾತಿಗೆ ಎದುರಾಗಿ ಹೇಳುವವರಿದ್ದಾರೆ. ಒಬ್ಬ ಗೆಳೆಯರು, ಅವರೂ ಮಾಸ್ತರರೇ, ‘ಸೋಲು ಉಣ್ಣಿಸಬೇಕ್ರಿ ಹುಡುಗರಿಗೆ, ಮೆತ್ತಗ ಬೆಳಸಬ್ಯಾಡ್ರಿ’ ಅಂದರು. ಒಪ್ಪಿದೆ. ಆದರೆ ಸೋಲು ಪಾಠ ಆಗಬೇಕಾದರೆ ಅದರ ಹಿಂದೆ ಇನ್ನೊಂದು ಆಟ ಬೇಕು. ಲೆಕ್ಕ ತಪ್ಪಿದರೆ ಕೆಂಪು ಗೆರೆ ಎಳೆದು ಪಾಟಿ ಕಸಿದುಕೊಂಡರೆ ಹುಡುಗ ಕಲಿತದ್ದೇನು? ಇನ್ನೊಬ್ಬರು ಖರ್ಚಿನ ಮಾತು ಆಡಿದರು: ಮೈದಾನ ಒಂದು, ಪಂಚರು ಇಬ್ಬರು, ಕೈಯಲ್ಲಿ ಎರಡು ದಿನ, ಮಳೆಗಾಲದಲ್ಲಿ ಕೃಷ್ಣೆ–ಪಂಚಗಂಗೆ ಏರಿದರೆ ಮೈದಾನವೂ ಇಲ್ಲ. ಇದು ಖರೇ ತೊಂದರೆ. 2019ರ ಮಹಾಪೂರ ಕಂಡ ಶಿರೋಳ ತಾಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಲೆಕ್ಕ ಹಾಕಿ ನೋಡಿದೆ. 8 ತಂಡ ಇದ್ದರೆ ಈಗಿನ ರೀತಿ 7 ಆಟ. ಎರಡು ಸೋಲಿನ ರೀತಿ ಮಾಡಿದರೆ 14, ಹೆಚ್ಚಾದರೆ 15. ನಾಲ್ಕು ನಾಲ್ಕರ ಎರಡು ಗುಂಪು ಮಾಡಿ ಎಲ್ಲರೂ ಎಲ್ಲರ ಜೋಡಿ ಆಡಿದರೆ 12, ಮೇಲೆ ಒಂದು ಫೈನಲ್. ಗುಂಪಿನ ಆಟ ಮೂರೇ ಇನಿಂಗ್ಸಿನದು ಮಾಡಿ, ಒಂದು ಸರದಿಯಲ್ಲಿ 5 ರನ್ನು ಆದ ಕೂಡಲೇ ಪಾಳಿ ಬದಲಿಸಿದರೆ ಎರಡು ದಿನದಲ್ಲಿ ಮುಗಿಯುತ್ತದೆ. ಅರ್ಧ ಆಟ ಆಡಿಸಿದರೂ ನಡೆದೀತು, ಅರ್ಧ ಹುಡುಗರನ್ನು ಮನಿಗೆ ಕಳಿಸುವುದಕ್ಕಿಂತ. ಚೀಟಿಯ ಡಬ್ಬಿಯನ್ನೂ ಎರಡು ಮಾಡಬಹುದು. ಹಿಂದಿನ ವರ್ಷ ಮೇಲೆ ಹೋದವರದು ಒಂದು, ಹೊಸಬರದು ಒಂದು. ಇದಕ್ಕೆ ಮುಂಬಯಿಯಿಂದ ಆದೇಶ ಬರಬೇಕಾಗಿಲ್ಲ ಅಂತ ನನ್ನ ತಿಳಿವಳಿಕೆ. ತಾಲೂಕಿನ ಮಾಸ್ತರರು ಒಂದು ಮೇಜಿನ ಸುತ್ತ ಕುಂತು ಚಹಾ ಕುಡಿಯುವಷ್ಟು ಹೊತ್ತು ಸಾಕು. ನಾನು ಒಂದು ಸಭೆಯಲ್ಲಿ ಹೇಳಿ ನೋಡಿದೆ. ‘ಛಂದ ಅದ ಸರ್, ಮುಂದಿನ ವರ್ಷ ನೋಡೋಣ’ ಅಂದರು. ಮುಂದಿನ ವರ್ಷ ನಾನು ನಿವೃತ್ತನಾದೆ.

ಆ ಎಡಗೈ ಹುಡುಗನಿಗೂ ಮುಂದಿನ ವರ್ಷ ಇರಲಿಲ್ಲ, ಹದಿನಾಲ್ಕು ದಾಟಿತ್ತು. ಹದಿನೇಳರ ತಂಡ ಕಟ್ಟುವಷ್ಟು ಹುಡುಗರು ನಮ್ಮಲ್ಲಿ ಇರಲಿಲ್ಲ.

ಆಮೇಲೆ ಸುಮ್ಮನೆ ಕೂಡಲಾರದೆ ಒಂದು ಕೆಲಸ ಮಾಡಿದೆ. ಸುತ್ತಲಿನ ಇನ್ನೆರಡು ಸಾಲಿಯ ಮಾಸ್ತರರನ್ನು ಕಂಡು, ದೀಪಾವಳಿ ಸುಟ್ಟಿ ಮುಗಿದ ಮೇಲೆ ನಾಲ್ಕು ಆಯಿತವಾರ ಆಟ ಇಡಿಸಿದೆ. ಕಪ್ ಇಲ್ಲ, ಪ್ರಮಾಣಪತ್ರ ಇಲ್ಲ, ಪೇಪರಿನವರೂ ಇಲ್ಲ. ಜೋಡ ಸರಿಹೋಗಲಿ ಅಂತ ಎರಡನೇ ವಾರದಿಂದ ಹುಡುಗರನ್ನು ಕಲಸಿ ತಂಡ ಮಾಡಿದೆವು, ಗಟ್ಟಿ ಒಗೆಯುವವರು ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಮೊದಲ ವಾರ 13–2 ಆಗಿತ್ತು. ಕೊನೆಯ ವಾರ 6–5. ಆ 6–5ರ ದಿನ ಕತ್ತಲಾದರೂ ಯಾರೂ ಮನಿಗೆ ಹೋಗಲು ಒಪ್ಪಲಿಲ್ಲ. ಒಬ್ಬ ಅಪ್ಪ ಪಾಳಿಗೆ ಹೋಗುವವ ಸೈಕಲ್ ನಿಲ್ಲಿಸಿ ನೋಡುತ್ತ ನಿಂತು ತಡ ಮಾಡಿಕೊಂಡ. ವಯಸ್ಸು ಕೇಳುವ ಕೆಲಸ ಇರಲಿಲ್ಲವಾದ್ದರಿಂದ ನಮ್ಮ ಎಡಗೈ ಹುಡುಗನೂ ಬಂದು ನಾಲ್ಕೂ ವಾರ ಒಗೆದ. ದಿಕ್ಕು ತಪ್ಪುವ ಚೆಂಡು ಈಗ ಕಡಿಮೆ ಆಗಿವೆ.

ಕೈಗವಸು ಒಟ್ಟು ಏಳು ಕೂಡಿವೆ. ವಾಚನಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇವೆ, ಹಳೇ ಮಾಸಿಕಗಳ ಪಕ್ಕಕ್ಕೆ. ಆಯಿತವಾರ ಮಧ್ಯಾಹ್ನ ಯಾರು ಬೇಕಾದರೂ ಸಹಿ ಮಾಡಿ ಒಯ್ಯಬಹುದು. ಬಲಗೈಗೆ ಹಾಕುವ ಗವಸು ಮಾತ್ರ ಇನ್ನೂ ಸಿಕ್ಕಿಲ್ಲ. ಯಾರ ಮನಿಯಲ್ಲಾದರೂ ಹಳೇದು ಇದ್ದರೆ ಕೊಡ್ರಿ.